ಕದಿರೇಶನ ಲಾಗಿನ್

ನಂದಿತಾ ಕಂಪ್ಯೂಟರಿನಿಂದ ಕಿತ್ತುಹಾಕಿದ ಸಾಫ್ಟ್‌ವೇರ್ ಪ್ಯಾಕೇಜು ಮತ್ತೆ ಬಂದು ಕುಳಿತಿತ್ತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಅಂದಿತಂತೆ, ಹಾಗೆ!

"ಆಯ್ತೇನಮ್ಮಾ?" ಮ್ಯಾನೇಜರ್ ಚಂದ್ರಮೋಹನ್ ಕುರ್ಚಿಯ ಹಿಂದೆಯೇ ನಿಂತಿದ್ದರು. "ಪೊಲೀಸ್ನೋರು ಕೋಲಾರ ಬಿಟ್ರಂತೆ."

"ವೆಬ್ ಸರ್ವರ್ ಅರ್ಧಂಬರ್ಧ ಇನ್‌ಸ್ಟಾಲ್ ಆಗಿದೆ ಸಾರ್. ಹಳೇದನ್ನ ಬುಡಸಮೇತ ಕೀಳ್ಬೇಕು. ಚೂರೂ ಉಳೀಬಾರ್ದು."

"ಕ್ಯಾಮೆರಾ ರೆಕಾರ್ಡು ಹೋಗಲ್ಲ ತಾನೇ?"

"ನನ್ ಕೈಲಾದ್ದು ಮಾಡ್ತಿದೀನಿ ಸಾರ್."

ಆ ರೆಕಾರ್ಡಿಗಾಗಿಯೇ ಇಷ್ಟು ಪಾಡು. ವೇಮಗಲ್‌ನ ಈ ಕಾರ್ಖಾನೆಯ ಕ್ಯಾಮೆರಾ ದೃಶ್ಯಗಳೆಲ್ಲ ತೆರೆಯುವುದು ಈ ಲಿನಕ್ಸ್ ಕಂಪ್ಯೂಟರಿನ ವೆಬ್ ಸರ್ವರ್ ಮೂಲಕ. ಮೊನ್ನೆ ಅವಳ ಜೊತೆ ಕೆಲಸ ಮಾಡುವ ಕದಿರೇಶ ಟೆರೇಸಿನ ಮೆಟ್ಟಿಲಿನಿಂದ ಉರುಳಿಬಿದ್ದ. ಜಾರಿದನೋ, ಯಾರಾದರೂ ತಳ್ಳಿದರೋ, ಕ್ಯಾಮೆರಾ ಬಿಟ್ಟರೆ ದೇವರೇ ಹೇಳಬೇಕು. ಅಷ್ಟರಲ್ಲಿ ಸರ್ವರ್ ಕೆಟ್ಟು ಕೂತಿತು.

ಬೆಳಿಗ್ಗೆ ಇಲ್ಲಿನ ಆಸ್ಪತ್ರೆಗೆ ಹೋದರೆ ಅವನ ಮಂಚ ಖಾಲಿ. ಅವನ ತಾಯಿ ದೊಡ್ಡಗಂಗಮ್ಮ ಬಟ್ಟೆಬರೆ ಚೀಲಕ್ಕೆ ತುಂಬುತ್ತ ಅಳುತ್ತಿದ್ದಳು. "ಲೇಡಮ್ಮಾ, ಮಾ ಕದಿರೇಶು ಲೇಡು" ಎಂದಳು ತೆಲುಗಿನಲ್ಲಿ. ಇಲ್ಲಮ್ಮಾ, ನಮ್ಮ ಕದಿರೇಶ ಇಲ್ಲ. ನಂದಿತಾಳ ಕಾಲು ಅಲ್ಲಿ ನಿಲ್ಲಲಿಲ್ಲ. ನೇರ ಕಾರ್ಖಾನೆಗೆ ಬಂದು ಅವಳೇ ಸುದ್ದಿ ಮುಟ್ಟಿಸಿದಳು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು.

"ಇನ್ಮೇಲೆ ಅವನ ಜಾಗದಲ್ಲಿ ಈ ಕಂಪ್ಯೂಟರ್ ವಿಭಾಗ ನಿಂದೇ ಕಣಮ್ಮಾ" ಎಂದರು ಚಂದ್ರಮೋಹನ್ ನಿಟ್ಟುಸಿರಿಟ್ಟು.

"ಹೀಗೆ ಸಿಗೋದು ಬೇಕಿರ್ಲಿಲ್ಲ ಸಾರ್."

ಅವಳು ಮತ್ತೆ ಆಜ್ಞೆ ಕೊಟ್ಟಳು. ಬೀಗ ಬಿದ್ದಿದೆ ಎಂದಿತು ಯಂತ್ರ. ಅದೇ ಪ್ಯಾಕೇಜಿನ ಮೇಲೆ ಇನ್ಯಾರೋ ಕೆಲಸ ಮಾಡುತ್ತಿದ್ದಾರೆ. ಯಾರಪ್ಪಾ ಅದು? ಲಾಗಿನ್ ಆಗಿ ಒಳಗಿರುವವರ ಹೆಸರು ತೆಗೆದು ನೋಡಿದಳು.

ಕದಿರೇಶ.

ಅಯ್ಯೋ ದೇವರೇ! ಚಂದ್ರಮೋಹನ್ ಹಣೆ ಒರೆಸಿಕೊಂಡರು. "ಸತ್ತೋನು ಎಲ್ಲಿಂದಮ್ಮಾ ಬರ್ತಾನೆ?"

"ಅವನ ಹೆಸರಲ್ಲಿ ಯಾರೋ ಕಳ್ಳ ನುಗ್ಗಿರ್ಬೇಕು ಸಾರ್. ತಡೀರಿ, ಮುಗಿಸ್ತೀನಿ."

ಒಳನುಗ್ಗಿದವನನ್ನು ಹೊರದಬ್ಬಿದಳು. ಮತ್ತೆ ಬಂದ. ಇನ್ನೊಮ್ಮೆ ದಬ್ಬಿದಳು. ಈ ಸಲ ಅವಳನ್ನೇ ಯಾರೋ ಹೊರಹಾಕಿದರು. ಎಷ್ಟು ಕುಟ್ಟಿದರೂ ಒಂದಕ್ಷರ ಮೂಡಲಿಲ್ಲ. ಪಕ್ಕದ ಪರದೆಯಲ್ಲಿ ಕ್ಯಾಮೆರಾ ಪುಟ ತಾನಾಗಿ ತೆರೆಯತೊಡಗಿತು. ನಂದಿತಾಳಿಗೆ ಅಳು ಬಂತು.

ಆಗಲೇ ಚಂದ್ರಮೋಹನ್ ಅವರ ಮೊಬೈಲು ಬಡಿದುಕೊಂಡಿತು. ದೊಡ್ಡಗಂಗಮ್ಮ! ಇಬ್ಬರಿಗೂ ಕೇಳುವಷ್ಟು ಜೋರು ದನಿ.

"ಏನ್ ಸಾರ್ ಇದು, ನಿಮ್ಮೋರು ನಮ್ ಮನೇಗೆ ಹಾರ ತಗೊಂಡ್ ಹೋಗವ್ರಂತೆ! ಲೇಡು ಅಂದ್ರೆ ಇಲ್ಲಿಲ್ಲ ಅಂದೆ ಕಣಪ್ಪಾ. ಕೋಲಾರದ ಆಸ್ಪತ್ರೆಗೆ ಸಾಗಿಸಿದ್ರು. ದವಡೆಗೆ ಕಟ್ಟು ಹಾಕವ್ರೆ, ಮಾತಿಲ್ಲ. ಎಚ್ಚರಾದಾಗ್ನಿಂದ ಮೊಬೈಲ್ನಾಗೆ ಅದೇನೋ ಕುಟ್ತಾನೇ ಅವ್ನೆ!"

"ಬದುಕವ್ನೆ ಕಣಮ್ಮಾ! ಆ ಲಾಗಿನ್ ಅವನದ್ದೇ!" ಚಂದ್ರಮೋಹನ್ ಕಣ್ಣಲ್ಲಿ ನೀರಾಡಿತು. ನಗುತ್ತಲೇ ಅವರು ತೆರೆದ ಪುಟದತ್ತ ತಿರುಗಿದರು.

ಅಲ್ಲಿ, ಟೆರೇಸಿನ ಮೆಟ್ಟಿಲ ಮೇಲೆ, ಕದಿರೇಶನ ಬೆನ್ನಿಗೆ ಎರಡೂ ಕೈಯಿಟ್ಟು ತಳ್ಳುತ್ತಿದ್ದವಳು ನಂದಿತಾ.