ಸದಸ್ಯ ಕೂರುವವರೆಗೆ

ಪರವಾನಗಿಯಿಲ್ಲದೆ ರೇಡಿಯೋ ಕೇಂದ್ರ ನಡೆಸುವವರನ್ನು ಗಲ್ಲಿಗೇರಿಸುವ ಮಸೂದೆ ಗವರ್ನರರ ಸಭೆಯ ಮುಂದಿತ್ತು. ಮಾತಾಡುತ್ತಿರುವ ಸದಸ್ಯ ಕೂರುವವರೆಗೆ ಅದನ್ನು ಮತಕ್ಕೆ ಹಾಕುವಂತಿರಲಿಲ್ಲ. ಅದಕ್ಕೇ ವೃದ್ಧ ಸದಸ್ಯನೊಬ್ಬ ಬೆಳಿಗ್ಗೆ ಮಗಳಿಗೆ ಹೇಳಿ ಬಂದಿದ್ದ: "ನಾನು ಮಾತಾಡ್ತಾನೇ ಇರ್ತೀನಿ. ಅಷ್ಟರಲ್ಲಿ ನಿನ್ನ ಪ್ರಸಾರದ ಯಂತ್ರ ಹೊಳೆಗೆ ಎಸೆದು ಗಡಿ ದಾಟಿಬಿಡಮ್ಮ."

ಮಧ್ಯಾಹ್ನವಾದರೂ ಅವನು ಕೂರಲಿಲ್ಲ.

"ಏನ್ ರಾಯರೇ, ಗಂಟಲಿಗೆ ಕೀಲೆಣ್ಣೆ ಬಿಟ್ಕೊಂಡು ಬಂದಿದ್ದೀರಾ?" ಪಕ್ಕದವರು ನಕ್ಕರು.

ಗವರ್ನರ್ ಮಾತ್ರ ತಡೆಯಲಿಲ್ಲ. "ಇಂಥ ಭಾಷಣವನ್ನು ನಾಡೆಲ್ಲ ಕೇಳಲಿ," ಎಂದು ಸರ್ಕಾರಿ ರೇಡಿಯೋದ ಮೈಕು ತರಿಸಿ ಅವನ ಮುಂದಿಡಿಸಿದರು.

ಸಂಜೆ ದನಿ ಸತ್ತು ಅವನು ಕುಸಿದು ಕೂತ. ಕೈಗಳೆದ್ದವು. ಮಸೂದೆ ಕಾನೂನಾಯಿತು.

ಸ್ವಲ್ಪ ಹೊತ್ತಿನಲ್ಲೇ ಪೊಲೀಸ್ ಅಧಿಕಾರಿ ಒಳಗೆ ಬಂದು ಗವರ್ನರರಿಗೆ ಸಲ್ಯೂಟ್ ಹೊಡೆದ.

"ಹುಡುಗಿ ಮನೇಲೇ ಸಿಕ್ಕಳು ಸಾರ್. ಅವರಪ್ಪನ ಭಾಷಣ ಮುಗಿಯೋವರೆಗೂ ರೇಡಿಯೋ ಮುಂದಿಂದ ಎದ್ದೇ ಇಲ್ಲ."