ಮೊಟ್ಟೆಚಿಪ್ಪಿನ ಗುರಿ

ಕಣ್ಣು ಮಂಜಾದ ಮೇಲೆ ಬೆಳ್ಯಪ್ಪನ ಏರ್‌ಗನ್ ಅಟ್ಟ ಸೇರಿತ್ತು. ಅವನ ನಗುವೂ ಅದರ ಜೊತೆಗೇ ಹೋಗಿತ್ತು. ಅದನ್ನು ನೋಡಲಾರದೆ ಹೆಂಡತಿ ದೇಚಮ್ಮ ತಾನೇ ಗನ್ನು ಇಳಿಸಿಕೊಟ್ಟಳು. ಖಾಲಿ ಮೊಟ್ಟೆಚಿಪ್ಪುಗಳಿಗೆ ಹುಳ ಬಿದ್ದ ಅರಿಸಿನ ತುಂಬಿ, ಬಾಯಿಗೆ ಕಾಗದ ಅಂಟಿಸಿ, ಹಿತ್ತಿಲ ಕಲ್ಲುಗೋಡೆಯ ಮೇಲೆ ಸಾಲಾಗಿ ಇಟ್ಟಳು. ಒಂದೊಂದಕ್ಕೂ ಒಂದೊಂದು ದಾರ. ಬಟ್ಟೆ ಒಗೆಯುವ ನೆಪದಲ್ಲಿ ಗೋಡೆಯ ಹಿಂದೆ ಕೂತು, ಗನ್ನಿನ ಸದ್ದಾದಾಗೆಲ್ಲ ದಾರ ಎಳೆಯುತ್ತಿದ್ದಳು. ಚಿಪ್ಪು ಕಲ್ಲಿನ ಮೇಲೆ ಬಿದ್ದು ಹಳದಿ ಪುಡಿ ಮೇಲೇಳುತ್ತಿತ್ತು, ಆಚೆಯಿಂದ ಬೆಳ್ಯಪ್ಪನ ಶಿಳ್ಳೆ ಕೇಳುತ್ತಿತ್ತು. ಅವನು ಮತ್ತೆ ಸಾರಿನ ರುಚಿಗೆ ಹೆಸರಿಡತೊಡಗಿದ, ಸಣ್ಣಪುಟ್ಟದ್ದಕ್ಕೆ ಜಗಳ ತೆಗೆಯತೊಡಗಿದ. ದೇಚಮ್ಮನಿಗೆ ಮನೆ ತುಂಬಿದಂತಾಯಿತು.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವನೆಂದ, "ಈ ಸಲ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯಕ್ಕೆ ನಾನೂ ಹೆಸರು ಕೊಡ್ತೀನಿ."

ಊರೆಲ್ಲ ನಗುವುದು ನೆನೆದು ಅವಳು ತಟ್ಟನೆ ಅಂದಳು, "ಬೇಡ."

"ಯಾಕೆ? ಒಂದಾದ್ರೂ ಮೊಟ್ಟೆ ತಪ್ಪಿದ್ಯಾ?"

"ಬೀಳಿಸ್ತಿದ್ದದ್ದು ನಾನು. ದಾರ ಕಟ್ಟಿ ಎಳೀತಿದ್ದೆ." ಅವಳು ತಲೆ ಎತ್ತಲಿಲ್ಲ.

ಬೆಳ್ಯಪ್ಪ ಲೋಟ ಕೆಳಗಿಟ್ಟು ನಕ್ಕ. "ಅಂತೂ ಬಾಯಿಬಿಟ್ಟೆ. ಗೋಡೆ ಹಿಂದೆ ನಿನ್ನ ಬಳೆ ಸದ್ದು ಕೇಳಿದ ದಿನದಿಂದ ನಾನು ಗನ್ನಿಗೆ ಗುಂಡೇ ಹಾಕಿಲ್ಲ ಮಾರಾಯ್ತಿ."