ಇಬ್ಬರು ದಾನಮ್ಮಂದಿರು

ಹೆರಿಗೆಯ ದಿನ ಮನೆಗೊಬ್ಬಳು, ಕೆಲಸಕ್ಕೊಬ್ಬಳು ಎಂದು ಇಬ್ಬರಾಗಿದ್ದ ದಾನಮ್ಮ, ಮಗಳಿಗೆ ಐದು ತುಂಬಿದ್ದರಿಂದ ಎಲ್ಲ ತಾಯಂದಿರಂತೆ ಮತ್ತೆ ಒಬ್ಬಳಾಗಲು ಕಚೇರಿಗೆ ಬಂದಿದ್ದಳು. ಕೂಡಿದ ಮೇಲೆ ಒಬ್ಬಳ ನೆನಪಷ್ಟೇ ಉಳಿಯುತ್ತದೆ. ಮನೆಯವಳದು ಉಳಿದರೆ ಕಲಿತ ಕೆಲಸ ಹೋಗುತ್ತದೆ, ಕೆಲಸದವಳದು ಉಳಿದರೆ ಮಗುವಿನ ಐದು ವರ್ಷ ಹೋಗುತ್ತದೆ. ಬೆಂಚಿನ ಮೇಲಿದ್ದ ಹೆಂಗಸರು ಅದನ್ನೇ ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಮನ್ಯಾಕಿ ಯಾರು, ಕೆಲಸದಾಕಿ ಯಾರು? ಯಾರನ್ನ ಉಳಸೂಣು?” ಗುಮಾಸ್ತ ಕೇಳಿದ.

“ಯಾರನ್ನರ ಉಳಸ್ರಿ ಸಾಹೇಬ್ರ,” ಎಂದಳು ಎಡಗಡೆಯ ದಾನಮ್ಮ.

“ಹಂಗಂದ್ರ ಹೆಂಗಬೇ? ನಾಳೆ ಬಸ್ ಹೊಡ್ಯಾಕ ಬರವಲ್ದು ಅಂತ ನನ್ನ ಕಡೆ ಬರಬ್ಯಾಡ ಮತ್ತ.”

ಅವಳು ಬಲಗಡೆಯ ದಾನಮ್ಮನನ್ನು ನೋಡಿ ನಕ್ಕಳು. ಕಾಯಿದೆಗೆ ವಿರುದ್ಧವಾಗಿ, ಪ್ರತಿ ಸೋಮವಾರ ಬೆಳಿಗ್ಗೆ ಇಬ್ಬರೂ ಡ್ರೈವರಿನ ಖಾಕಿ ಅಂಗಿಯನ್ನು ಅದಲುಬದಲು ಮಾಡಿಕೊಳ್ಳುತ್ತ ಬಂದಿದ್ದರು. ಈಗ ಯಾರ ನೆನಪು ಹೋದರೂ ಕೆಲಸದಲ್ಲೂ ಮಗುವಿನ ಐದು ವರ್ಷದಲ್ಲೂ ಅರ್ಧವೇ ಹೋದೀತು. ಈ ಗುಟ್ಟು ಯಾರಿಗೂ ತಿಳಿದಿಲ್ಲ ಎಂದುಕೊಂಡಿದ್ದರು.

ಗುಮಾಸ್ತ ಅವರ ಜೊತೆ ಬಂದಿದ್ದ ಮಗಳತ್ತ ಬಾಗಿದ. “ನಿನಗರ ಗೊತ್ತೈತೇನವಾ, ದಿನಾ ಮನ್ಯಾಗ ಇರಾಕಿ ಯಾರು?”

“ಹೋದ ವಾರ ಈ ಅವ್ವ, ಈ ವಾರ ಆ ಅವ್ವ,” ಎಂದಳು ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. “ಇಬ್ರಿಗೂ ಬಸ್ ಹೊಡ್ಯಾಕ ಬರ್ತೈತಿ, ಇಬ್ರಿಗೂ ನನ್ನ ಜಡಿ ಹೆಣ್ಯಾಕ ಬರ್ತೈತಿ.”

ಬೆಂಚಿನ ಹೆಂಗಸರು ತಲೆಯೆತ್ತಿ ನೋಡಿದರು. ಎಡಗಡೆಯ ದಾನಮ್ಮ ಎದೆಯುಬ್ಬಿಸಿ ನಿಂತಳು.

“ಆಕಿ ಹೇಳಿದ್ದನ್ನ ಹಂಗ ಬರಕೊಳ್ರಿ ಸಾಹೇಬ್ರ.”